ನಡುವಿನ ಗುಂಡಿ

ನಡುವಿನ ಗುಂಡಿಯ ಕಡೆ ನೋಡಬಾರದೆಂದು ಮೊದಲೇ ತೀರ್ಮಾನಿಸಿಕೊಂಡಿದ್ದರಿಂದಲೇ ಇರಬೇಕು, ಪೆಟ್ಟಿಗೆಯ ಮುಚ್ಚಳ ಎತ್ತಿ ತೆಳುಕಾಗದ ಸರಿಸಿದ್ದೇ ತಡ, ಅವನ ಕಣ್ಣು ನೇರ ಅಲ್ಲಿಗೇ ಹೋಗಿ ಕೂತಿತು. ಕಪ್ಪು ಉಣ್ಣೆಯ ಉದ್ದನೆಯ ಕೋಟು. ಎದೆಯ ಮೇಲೆ ಐದು ಗುಂಡಿಗಳು. ನಾಲ್ಕು ಹಿತ್ತಾಳೆಯವು, ಮೂರನೆಯದು ಮಾತ್ರ ಕಪ್ಪು ಗಾಜಿನದು, ಉಳಿದವಕ್ಕಿಂತ ತುಸು ಚಿಕ್ಕದು, ಅಂಚಿನಲ್ಲಿ ಹೂವಿನ ಎಸಳಿನಂಥ ಕೆತ್ತನೆ. ಗಂಭೀರವಾಗಿ ಕೂತ ನಾಲ್ವರು ಹಿರಿಯರ ನಡುವೆ ಜಾಗ ಮಾಡಿಕೊಂಡ ಮಗುವಿನ ಹಾಗೆ ಅದು ಅವನನ್ನು ನೋಡಿತು. ಗುರುತು ಸಿಕ್ಕಿತಾ ಎನ್ನುವಂತೆ ನೋಡಿತು. ಅವನು ಹತ್ತಿಯ ಬಿಳಿ ಕೈಗವಸು ಹಾಕಿಕೊಂಡಿದ್ದ. ಕಾಲೇಜಿನ ಈ ಹಳೆಯ ಉಡುಪುಗಳ ಸಂಗ್ರಹದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಕೈಗವಸು ತೊಟ್ಟಾಗಲೆಲ್ಲ ತಾನು ಶಸ್ತ್ರಚಿಕಿತ್ಸೆಗೆ ಸಿದ್ಧನಾದ ವೈದ್ಯನೆಂದು ಅನ್ನಿಸುತ್ತಿತ್ತು, ಅದರ ಬೆನ್ನಿಗೇ ಬೆರಳಚ್ಚು ಉಳಿಯದಂತೆ ಎಚ್ಚರ ವಹಿಸಿದ ಕಳ್ಳನೆಂದೂ ಅನ್ನಿಸುತ್ತಿತ್ತು. ಹನ್ನೊಂದು ವರ್ಷಗಳಲ್ಲಿ ವೈದ್ಯ ಯಾವಾಗಲೋ ಹೊರಟುಹೋಗಿದ್ದ.

ಹೇಳಬೇಕಾದ್ದು ಬಹಳ ಚಿಕ್ಕ ಮಾತು. ಈ ನಡುವಿನ ಗುಂಡಿ ಹೊಲಿದವನು ನಾನು. ಗುಂಡಿಗೊಂದರಂತೆ ಐದೇ ಪದ. ಬೆಳಿಗ್ಗೆ ಬಸ್ಸಿನಲ್ಲಿ ಅದನ್ನು ಅಭ್ಯಾಸ ಮಾಡುತ್ತ ಬಂದಿದ್ದ. ಒಮ್ಮೆ 'ನಾನು' ಎಂಬಲ್ಲಿ ಒತ್ತಿ, ಒಮ್ಮೆ 'ಹೊಲಿದವನು' ಎಂಬಲ್ಲಿ ಒತ್ತಿ, ಮತ್ತೊಮ್ಮೆ ಏನೂ ದೊಡ್ಡ ವಿಷಯವಲ್ಲ ಎನ್ನುವ ಹಾಗೆ ಕಿಟಕಿಯ ಕಡೆ ನೋಡುತ್ತ. ಪಕ್ಕದಲ್ಲಿ ಕೂತಿದ್ದವರು ಎರಡು ಸಲ ತಿರುಗಿ ನೋಡಿ, ಹಿಂದಿನ ಸೀಟು ಖಾಲಿಯಾದ ಕೂಡಲೇ ಎದ್ದು ಹೋಗಿದ್ದರು. ಮೂರು ಗಂಟೆಗೆ ಕಾಲೇಜಿನ ಸಭಾಂಗಣದಲ್ಲಿ ಹಳೆಯ ಉಡುಪುಗಳ ಸಂಶೋಧಕರೊಬ್ಬರ ಉಪನ್ಯಾಸ. ಈ ಒಂದು ಗುಂಡಿಯ ಮೇಲೆ ಅವರು ಎರಡು ವರ್ಷ ದುಡಿದಿದ್ದರು. ಕೋಟು ಹಿಂದಿನ ಕಾಲದ ಒಬ್ಬ ಸ್ಟೇಷನ್ ಮಾಸ್ತರರದು. ಗಾಜಿನ ಗುಂಡಿ ಆ ಕಾಲದ ಹೆಂಗಸರ ಮೇಲಂಗಿಯದು. ಹೊಲಿದ ದಾರ ಕೋಟಿನದೇ ಅಂಚಿನಿಂದ ಎಳೆದದ್ದು. ಹೊಲಿದ ಕೈ ಎಡಗೈ. ಅಂದಮೇಲೆ ಗಂಡನ ಗುಂಡಿ ಬಿದ್ದುಹೋದ ಒಂದು ದಿನ, ರೈಲಿಗೆ ಹೊತ್ತಾಗುತ್ತಿರುವಾಗ, ಸ್ಟೇಷನ್ ಮಾಸ್ತರರ ಹೆಂಡತಿ ತನ್ನ ಮೇಲಂಗಿಯಿಂದಲೇ ಒಂದು ಗುಂಡಿ ಕಿತ್ತು, ದಾರ ಹುಡುಕಲೂ ಪುರಸೊತ್ತಿಲ್ಲದೆ ಕೋಟಿನದೇ ಎಳೆ ಬಿಚ್ಚಿ ಹೊಲಿದುಕೊಟ್ಟಿದ್ದಾಳೆ. ಮುಂದಿನ ವಾರ ಇದೆಲ್ಲ ಪುಸ್ತಕವಾಗಿ ಅಚ್ಚಿಗೆ ಹೋಗುತ್ತದೆ. ಮುಖಪುಟದಲ್ಲಿ ಆ ಗುಂಡಿಯದೇ ಚಿತ್ರ. ಮೂರರೊಳಗೆ ಬಾಯಿ ಬಿಡದಿದ್ದರೆ ಅವನ ಗುಂಡಿ ಚರಿತ್ರೆಯಾಗುತ್ತದೆ. ಬಾಯಿ ಬಿಟ್ಟರೆ, ಹನ್ನೊಂದು ವರ್ಷ ತಾತ್ಕಾಲಿಕವಾಗಿ ದುಡಿದ ಅವನನ್ನು ಕಾಯಂ ಮಾಡುವ ಆದೇಶ, ಸಹಿಗಾಗಿ ನಿರ್ದೇಶಕಿಯ ಮೇಜಿನ ಮೇಲೆ ಕಾಯುತ್ತಿರುವುದು, ಅಲ್ಲಿಂದಲೇ ಕಸದಬುಟ್ಟಿಗೆ ಹೋಗುತ್ತದೆ.

ಅವನು ಆ ಗುಂಡಿ ಹೊಲಿದದ್ದು ಕೆಲಸಕ್ಕೆ ಸೇರಿದ ಮೊದಲನೆಯ ವಾರ. ನೆಲಮಾಳಿಗೆಯ ಈ ಕೋಣೆಯಲ್ಲಿ ಯಂತ್ರದ ತಂಪು ಗಾಳಿ ಹಗಲಿರುಳೂ ಒಂದೇ ಹದದಲ್ಲಿ ಬೀಸುತ್ತಿತ್ತು. ಮೇಲಿನ ಮಹಡಿಗಳಲ್ಲಿ ವಸ್ತ್ರವಿನ್ಯಾಸದ ವಿದ್ಯಾರ್ಥಿಗಳು ಮುಂದಿನ ವರ್ಷ ಜನ ಏನು ತೊಡಬೇಕೆಂದು ಕತ್ತರಿಸುತ್ತಿದ್ದರೆ, ಕೆಳಗೆ ಸಾವಿರದ ನಾನೂರು ಉಡುಪುಗಳು ತೊಡುವವರ ಕಾಟ ತಪ್ಪಿತೆಂದು ಪೆಟ್ಟಿಗೆಗಳಲ್ಲಿ ಅಂಗಾತ ಮಲಗಿದ್ದವು. ಬಾಗಿಲ ಪಕ್ಕ ಒಂದು ಫಲಕ: ಸೇರಿಸಬಾರದು, ತೆಗೆಯಬಾರದು, ಸರಿ ಮಾಡಬಾರದು. ನುಸಿ ತಿಂದ ತೂತಿಗೂ ಇಲ್ಲಿ ದಾಖಲೆಯಿತ್ತು. ಒಬ್ಬಳ ಮದುವೆಯ ಉಡುಪಿನ ಮೇಲೆ ಯಾರೋ ಚೆಲ್ಲಿದ ಸಾರಿನ ಕಲೆಯ ಬಗ್ಗೆ ಕಾರ್ಡಿನಲ್ಲಿ ಆರು ಸಾಲು ಬರೆದಿದ್ದರು, ಮದುಮಗಳ ಬಗ್ಗೆ ಒಂದೇ ಸಾಲು. ಫಲಕವನ್ನು ಅವನು ಮೊದಲ ದಿನವೇ ಓದಿದ್ದ. ಆದರೆ ಫಲಕಗಳನ್ನು ಓದುವಾಗ ಎಲ್ಲರಿಗೂ ಆಗುವಂತೆ, ಅದು ಬೇರೆ ಯಾರಿಗೋ ಹೇಳಿದ ಮಾತೆಂದುಕೊಂಡಿದ್ದ. ಶುಕ್ರವಾರ ಈ ಕೋಟು ಒಂದು ಚೀಲದಲ್ಲಿ ಬಂತು. ನಿರ್ದೇಶಕಿ ರಜೆಯಲ್ಲಿದ್ದರು. ಕಾರ್ಡು ಬರೆದು ಫೋಟೋ ತೆಗೆದಿಡಿ ಎಂದು ಫೋನಿನಲ್ಲಿ ಹೇಳಿದರು. ಆಳೆತ್ತರದ ಗೊಂಬೆಗೆ ತೊಡಿಸಿ ದೂರ ನಿಂತು ನೋಡಿದರೆ, ನಡುವೆ ಒಂದು ಗುಂಡಿ ಇಲ್ಲ. ಎದೆ ಬಾಯಿ ತೆರೆದುಕೊಂಡಂತಿತ್ತು. ಕ್ಯಾಮೆರಾದ ಕಿಂಡಿಯೊಳಗಿಂದ ಅದು ಇನ್ನೂ ಅಸಹ್ಯವಾಗಿ ಕಂಡಿತು. ಐದನೆಯ ತರಗತಿಯಲ್ಲಿ ಫೋಟೋ ತೆಗೆಯಲು ಬಂದಾತ ಅವನನ್ನು ಸಾಲಿನಿಂದ ಎಬ್ಬಿಸಿ, ಗುಂಡಿ ಇಲ್ಲದವನು ಹಿಂದೆ ನಿಲ್ಲಲಿ ಎಂದಿದ್ದ. ಆ ಫೋಟೋದಲ್ಲಿ ಅವನು ಎಂದರೆ ಮತ್ತೊಬ್ಬ ಹುಡುಗನ ಕಿವಿಯ ಪಕ್ಕದ ಅರ್ಧ ಹಣೆ. ಈ ಕೆಲಸದ ಸಂದರ್ಶನಕ್ಕೆ ಹೊರಟಾಗಲೂ ಹೊಸ್ತಿಲಲ್ಲೇ ಒಂದು ಗುಂಡಿ ಉದುರಿ, ಅಮ್ಮ ಅಂಗಿ ಬಿಚ್ಚಿಸದೆ ಹಾಗೇ ನಿಲ್ಲಿಸಿ ಹೊಲಿದಿದ್ದಳು, ಉಸಿರು ಬಿಡಬೇಡ ಚುಚ್ಚುತ್ತೆ ಎಂದು ಗದರುತ್ತ. ದಾರ ಕಡಿಯಲು ಅವಳ ತಲೆ ಅವನ ಎದೆಗೆ ತಾಕಿತ್ತು. ಅಷ್ಟು ಹತ್ತಿರ ಅವಳು ಬಂದು ಎಷ್ಟು ವರ್ಷವಾಗಿತ್ತೋ. ಕೆಲಸ ಸಿಕ್ಕಿದ್ದು ಅದರಿಂದಲೇ ಎಂದು ಅವನು ಗುಟ್ಟಾಗಿ ನಂಬಿದ್ದ.

ಹಾಗಾಗಿ ಅವನು ಹೊಲಿದ. ಹೊರಗಿನ ದಾರ ತಂದರೆ ಸೇರಿಸಿದಂತಾಗುತ್ತದೆ ಎಂಬಷ್ಟು ವಿವೇಕ ಆಗಲೇ ಬಂದಿದ್ದರಿಂದ ಕೋಟಿನ ಅಂಚಿನಲ್ಲಿ ಸಡಿಲವಾಗಿದ್ದ ಎಳೆಯನ್ನು ಎಳೆದುಕೊಂಡ. ಅಂಗಡಿಯ ಗುಂಡಿ ಹಾಕುವುದು ಮೋಸ ಅನ್ನಿಸಿ, ಕಪಾಟಿನಲ್ಲಿದ್ದ ಒಂಟಿ ಗುಂಡಿಗಳ ಡಬ್ಬಿಯಲ್ಲಿ ಕೈಯಾಡಿಸಿದ. ಎಲ್ಲೆಲ್ಲಿಂದಲೋ ಉದುರಿದ, ಯಾವ ಉಡುಪಿನದೆಂದು ಯಾರಿಗೂ ತಿಳಿಯದ ಹಳೆಯ ಗುಂಡಿಗಳವು. ಡಬ್ಬಿಯ ಮೇಲೆ 'ಸುಮಾರು ಇನ್ನೂರು' ಎಂದು ಬರೆದಿತ್ತು. ಹಿತ್ತಾಳೆಯದು ಸಿಗಲಿಲ್ಲ. ಸಿಕ್ಕಿದ್ದರಲ್ಲಿ ಚೆಂದದ್ದನ್ನು ಆರಿಸಿದ. ಎಡಗೈಯಲ್ಲಿ ಐದು ಸುತ್ತು ಹೊಲಿದು, ಗಂಟು ಹಾಕಿ, ಒಮ್ಮೆ ಎಳೆದು ನೋಡಿ, ಫೋಟೋ ತೆಗೆದು, ಕಾರ್ಡಿನಲ್ಲಿ 'ಗುಂಡಿ ಐದು, ಒಂದು ಭಿನ್ನ' ಎಂದು ದುಂಡಗೆ ಬರೆದ. ಸುಳ್ಳು ಹೇಳಬಾರದೆಂದು 'ಒಂದು ಭಿನ್ನ' ಎಂದು ಸೇರಿಸಿದ್ದು ಬೇರೆ. ಆ ಎರಡು ಪದಗಳನ್ನು ಓದಿಯೇ ಒಂಬತ್ತು ವರ್ಷದ ಮೇಲೆ ಸಂಶೋಧಕರು ಇಲ್ಲಿಗೆ ಬಂದದ್ದು.

ಹೆಂಡತಿಗೂ ಅವನು ಇದನ್ನು ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಹೇಳಿದ. ಅವಳು ಹಲ್ಲುಜ್ಜುತ್ತಿದ್ದವಳು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಪೂರ್ತಿ ಕೇಳಿಸಿಕೊಂಡಳು. ಅವಳು ಗಾಬರಿಯಾಗುತ್ತಾಳೆ, ಆಮೇಲೆ ಧೈರ್ಯ ಹೇಳುತ್ತಾಳೆ, ಆ ಧೈರ್ಯ ತೆಗೆದುಕೊಂಡು ತಾನು ಹೊರಡಬಹುದು ಎಂದೆಲ್ಲ ಅವನು ಲೆಕ್ಕ ಹಾಕಿಕೊಂಡಿದ್ದ. ಅವಳು ಉಗಿದು, ಬಾಯಿ ತೊಳೆದು, ಕನ್ನಡಿಯೊಳಗಿಂದಲೇ ಅವನನ್ನು ನೋಡಿದಳು.

"ಅಲ್ಲಾರೀ, ಗುಂಡಿ ಹೊಲಿಯೋಕೆ ಬರುತ್ತಾ ನಿಮಗೆ?"

ಅವನು ಟವೆಲ್ಲು ಚಾಚಿದ.

"ನನ್ನ ಸ್ವೆಟರಿನ ಗುಂಡಿ ಹೋಗಿ ಎರಡು ಚಳಿಗಾಲ ಆಯ್ತು. ಪಿನ್ನು ಹಾಕ್ಕೊಂಡು ಓಡಾಡ್ತಿದ್ದೀನಿ. ಯಾರೋ ಸತ್ತೋದ ಸ್ಟೇಷನ್ ಮಾಸ್ತರಿಗೆ ಹೊಲಿದುಕೊಟ್ಟು ಬಂದಿದ್ದೀರಾ."

ಪಾಪಪ್ರಜ್ಞೆಗೂ ಒಂದು ಘನತೆ ಇರುತ್ತದೆ ಎಂದು ಅವನು ತಿಳಿದಿದ್ದ. ಅದು ಹೀಗೆ ಸ್ವೆಟರಿನ ಪಿನ್ನಿಗೆ ಸಿಕ್ಕಿಹಾಕಿಕೊಂಡಾಗ, ಅಪರಾಧಿಯಾಗಿಯೂ ತಾನು ಸಾಲದವನಾದೆನೆಂಬ ಸಣ್ಣತನ ಮೈಗೆ ಅಂಟಿತು. ನೆಲಮಾಳಿಗೆಯ ತಂಪಿನಲ್ಲಿ ನಿಂತು ಕೋಟನ್ನು ಗೊಂಬೆಗೆ ತೊಡಿಸುವಾಗಲೂ ಅದು ಬಿಟ್ಟಿರಲಿಲ್ಲ. ಒಂದೊಂದೇ ತೋಳು. ತಲೆಯಿಲ್ಲದ ಗೊಂಬೆ ಬಹಳ ವಿಧೇಯವಾಗಿ ತೊಡಿಸಿಕೊಂಡಿತು. ಆಗ ನಿರ್ದೇಶಕಿ ಬಾಗಿಲು ತೆರೆದು, ಸಭಾಂಗಣಕ್ಕೆ ಕುರ್ಚಿ ಸಾಲದು, ಮೈಕು ಕುಯ್ಯೆನ್ನುತ್ತಿದೆ, ಕೋಟು ಕೊಟ್ಟ ಮನೆಯವರು ಆಗಲೇ ಬಂದು ಕೂತಿದ್ದಾರೆ ಎಂದು ಮೂರೂ ಸುದ್ದಿಯನ್ನು ಒಂದೇ ಉಸಿರಿನಲ್ಲಿ ಹೇಳಿದರು. ಮೇಡಂ, ಒಂದು ವಿಷಯ ಹೇಳಬೇಕಿತ್ತು ಎಂದ ಅವನು. ಗುಂಡಿ ವಿಷಯ ಎಂದ. ಗುಂಡಿ ವಿಷಯ ಸಂಶೋಧಕರ ಹತ್ತಿರ ಹೇಳಿ, ನನಗೆ ಕುರ್ಚಿ ವಿಷಯ ಇದ್ದರೆ ಹೇಳಿ ಎಂದು ಅವರು ಹೊರಟೇಹೋದರು. ಹೇಳಲು ಧೈರ್ಯ ಸಾಲದವನಿಗಿಂತ, ಧೈರ್ಯ ಮಾಡಿ ಹೇಳಹೊರಟಾಗ ಕೇಳುವವರಿಲ್ಲದವನು ಎಷ್ಟು ಹಗುರ ಎಂದು ಅವನು ಮೊದಲ ಸಲ ಕಂಡುಕೊಂಡ.

ಮೇಲೆ ಸಭಾಂಗಣದ ಮೊದಲ ಸಾಲಿನಲ್ಲಿ ಕೂತಿದ್ದವರು ಸ್ಟೇಷನ್ ಮಾಸ್ತರರ ಮೊಮ್ಮಗಳು. ಎಪ್ಪತ್ತು ದಾಟಿದ, ಬೆನ್ನು ನೆಟ್ಟಗಿದ್ದ ಹೆಂಗಸು. ಗೊಂಬೆಯನ್ನು ತಳ್ಳಿಕೊಂಡು ಬಂದ ಅವನನ್ನು ಪಕ್ಕಕ್ಕೆ ಕರೆದು, ಬಹಳ ವರ್ಷದ ಪರಿಚಯವಿದ್ದ ಹಾಗೆ ತಮ್ಮ ಮನೆಯ ಕಥೆ ಹೇಳತೊಡಗಿದರು. ಅಜ್ಜಿ ಅಜ್ಜನನ್ನು ಬಿಟ್ಟುಹೋದವಳು. ಅದೂ ಅಜ್ಜನ ಸ್ಟೇಷನ್ನಿನಿಂದಲೇ, ಹತ್ತು ಗಂಟೆಯ ಗಾಡಿಯಲ್ಲಿ. ಗಾಡಿಗೆ ಹೊತ್ತಾಗಿತ್ತು, ಅಜ್ಜ ಕೆಲಸದ ಮೇಲಿದ್ದ, ಬೇರೆ ಉಪಾಯವಿಲ್ಲದೆ ತಾನೇ ಹಸಿರು ಬಾವುಟ ಬೀಸಿದ. ಇಷ್ಟು ಹೇಳಿ ಅವರು ನಕ್ಕುಬಿಟ್ಟರು; ಅವನಿಗೂ ನಗು ಬಂದು, ನಗಬಹುದೋ ಬಾರದೋ ತಿಳಿಯದೆ ಗೊಂಬೆಯ ಕಾಲರು ಸರಿಮಾಡಿದ. ಆದರೆ ಮನೆಯಲ್ಲಿ ಯಾವ ಹೆಣ್ಣುಮಗು ಗಟ್ಟಿಯಾಗಿ ಮಾತಾಡಿದರೂ ಅಜ್ಜಿಯ ಬುದ್ಧಿ ಬಂತು ಎನ್ನುತ್ತಿದ್ದರಂತೆ. ಅವರಮ್ಮನಿಗೆ ಅಂದರು, ಅವರಿಗೆ ಅಂದರು, ಈಗ ಅವರ ಮಗಳಿಗೂ ಯಾರೋ ಅಂದಿದ್ದಾರೆ. ಇವತ್ತು ಅಜ್ಜಿಯ ಬಗ್ಗೆ ಒಳ್ಳೆಯ ಮಾತಾಡುತ್ತಾರಂತಲ್ಲ, ಅದಕ್ಕೇ ಬಂದೆ, ಮನೆಯವರನ್ನೂ ಎಲ್ಲ ಎಳೆದುಕೊಂಡು ಬಂದೆ ಎಂದರು. ಹಿಂದಿನ ಎರಡು ಸಾಲುಗಳಲ್ಲಿ ಒಂದೇ ಥರದ ಮೂಗಿನ ಹನ್ನೆರಡು ಮಂದಿ ಅವನನ್ನು ನೋಡುತ್ತಿದ್ದರು. ಆ ಐದು ಪದಗಳು ಇನ್ನು ಬರೀ ಅವನ ಕೆಲಸದ ಪ್ರಶ್ನೆಯಾಗಿರಲಿಲ್ಲ; ಹೇಳಿದರೆ ಅವರಜ್ಜಿ ಮತ್ತೆ ಹತ್ತು ಗಂಟೆಯ ಗಾಡಿ ಹತ್ತಬೇಕಾಗುತ್ತಿತ್ತು.

ಆದರೂ ಹೇಳಿದ. ಎರಡೂಕಾಲಿಗೆ, ವೇದಿಕೆಯ ಹಿಂದಿನ ಕೋಣೆಯಲ್ಲಿ. ಅದು ಧೈರ್ಯವಲ್ಲ, ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. ಸಂಶೋಧಕರು ಸಣಕಲ ಮನುಷ್ಯ, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಬೇರೆಯವರ ಮುಖಕ್ಕಿಂತ ಕಾಲರು ನೋಡಿ ಮಾತಾಡುವ ಅಭ್ಯಾಸ. ಅವರು ಅವನ ಕಾಲರನ್ನು ಬಹಳ ಹೊತ್ತು, ಕರುಣೆಯಿಂದ ನೋಡಿದರು.

"ಒಂದೇ ವಸ್ತುವಿನ ಜೊತೆ ಬಹಳ ವರ್ಷ ಇದ್ದರೆ ಹೀಗಾಗುತ್ತೆ. ನನಗೂ ಒಮ್ಮೆ ಒಂದು ಮೇಲಂಗಿ ನೋಡಿ ಇದು ನಂದೇ ಅಂತ ಅನ್ನಿಸಿಬಿಟ್ಟಿತ್ತು. ಮೂರು ತಿಂಗಳು ನಿದ್ದೆ ಇಲ್ಲ."

"ಹಾಗಲ್ಲ ಸಾರ್. ನಿಜವಾಗ್ಲೂ ನಾನೇ. ನಾನು ಎಡಚ."

ಎಡಚ ಎಂದಾಗ ಅವರ ಕಣ್ಣು ಮೊದಲ ಸಲ ಕಾಲರು ಬಿಟ್ಟು ಮೇಲೆ ಬಂತು. ಅವರು ಪ್ರಾಮಾಣಿಕ ಮನುಷ್ಯ. ಎರಡು ವರ್ಷದ ದುಡಿಮೆ ನೀರಿಗೆ ಹೋಗುವುದಾದರೂ ಪರೀಕ್ಷೆ ಮಾಡದೆ ಬಿಡುವವರಲ್ಲ. ಚೀಲದಿಂದ ಸೂಜಿ, ದಾರ, ಒಂದು ತುಂಡು ಉಣ್ಣೆ ಬಟ್ಟೆ, ಒಂದು ಗುಂಡಿ ತೆಗೆದು ಮೇಜಿನ ಮೇಲಿಟ್ಟು, ಹೊಲಿಯಿರಿ ಎಂದರು. ಅವನು ಹೊಲಿದ. ಆತ್ಮಕಥೆ ಬರೆಯುವವನ ಶ್ರದ್ಧೆಯಿಂದ ಹೊಲಿದ. ಅವರು ಭೂತಗನ್ನಡಿ ಹಿಡಿದು ನೋಡಿ ತಲೆಯಾಡಿಸಿದರು. ಇದು ತರಬೇತಾದ ಕೈ. ಸುತ್ತುಗಳೆಲ್ಲ ಒಂದೇ ಅಳತೆ, ಗುಂಡಿಯ ಕೆಳಗೆ ದಾರದ ಕುತ್ತಿಗೆ ಬಿಟ್ಟಿದೆ, ಗಂಟು ಒಳಗೆ ಅಡಗಿದೆ. ಕೋಟಿನದು ಹಸಿ ಕೈ. ಅವನಿಗೆ ಅರ್ಥವಾಯಿತು: ಹನ್ನೊಂದು ವರ್ಷ ಈ ಉಡುಪುಗಳ ಹೊಲಿಗೆ ನೋಡಿ ನೋಡಿ, ಗೊಂಬೆಗಳ ಒಳಬಟ್ಟೆ ಹೊಲಿದು ಹೊಲಿದು, ಆ ಕೈ ಹೋಗಿ ಈ ಕೈ ಬಂದಿದೆ. ಇನ್ನೊಂದು ಗುಂಡಿ ಕೊಡಿ ಎಂದು ಕೇಳಿ, ಬೇಕೆಂದೇ ಕೆಟ್ಟದಾಗಿ ಹೊಲಿದ. ಸಂಶೋಧಕರು ನೋಡಿ ಮುಗುಳ್ನಕ್ಕರು. ಬೇಕೆಂದು ಮಾಡಿದ ಕೆಟ್ಟ ಹೊಲಿಗೆಗೂ ಒಂದು ಶಿಸ್ತಿರುತ್ತದೆ, ನೋಡಿ, ಎಲ್ಲ ತಪ್ಪುಗಳೂ ಸಮದೂರದಲ್ಲಿವೆ ಎಂದರು. ಡಬ್ಬಿಯ ವಿಷಯ ಹೇಳಿದ. ಡಬ್ಬಿ ತರಿಸಿ ಎಣಿಸಬಹುದಿತ್ತು. ಆದರೆ ಸುಮಾರು ಇನ್ನೂರರಲ್ಲಿ ಒಂದು ಕಡಿಮೆಯಾದರೆ ಉಳಿಯುವುದೂ ಸುಮಾರು ಇನ್ನೂರೇ. ಅವನ ಬೆನ್ನು ತಟ್ಟಿ ಅವರು ಎದ್ದರು. ನಿರ್ದೋಷಿ ಎಂದು ಸಾಬೀತಾದವನು ಆ ಕುರ್ಚಿಯಲ್ಲೇ ಕೂತಿದ್ದ. ಬಿಡುಗಡೆ ಅನ್ನಿಸಬೇಕಿತ್ತು. ಯಾರೋ ಮನೆಗೆ ನುಗ್ಗಿ ಅವನ ಹತ್ತಿರ ಇದ್ದ ಒಂದೇ ಒಂದು ಪಾಪವನ್ನೂ ಹೊತ್ತುಕೊಂಡು ಹೋದಂತೆ ಅನ್ನಿಸಿತು.

ದೀಪ ಆರಿಸುವುದು ಅವನ ಕೆಲಸವಾದ್ದರಿಂದ ಅವನು ಸಭಾಂಗಣದ ಹಿಂದಿನ ಗೋಡೆಗೆ, ಸ್ವಿಚ್ಚುಗಳ ಪಕ್ಕ ನಿಂತ. ಕತ್ತಲಾಯಿತು. ಪರದೆಯ ತುಂಬ ಅವನ ಗಂಟು ಮೂಡಿತು, ಎರಡು ಆಳೆತ್ತರಕ್ಕೆ, ಹಗ್ಗದಷ್ಟು ದಪ್ಪ ದಾರದಲ್ಲಿ. ಸಭೆ ಉಸಿರೆಳೆದುಕೊಂಡಿತು. ಸಂಶೋಧಕರ ಧ್ವನಿ ಬದಲಾಗಿತ್ತು. ಈ ಕೈಗೆ ತಾಳ್ಮೆಯಿಲ್ಲ, ಎರಡನೆಯ ಸುತ್ತಿನಲ್ಲೇ ದಾರ ಸಿಕ್ಕಾಗಿದೆ, ಬಿಡಿಸದೆ ಮುಂದೆ ಹೋಗಿದೆ ಎಂದರು. ಈ ಕೈಗೆ ಭಯವಿದೆ. ಮಾಡಬಾರದ್ದನ್ನು ಮಾಡುತ್ತಿದ್ದೇನೆಂದು ಗೊತ್ತಿದೆ, ಆದರೂ ಬಾಯಿ ತೆರೆದ ಆ ಕೋಟನ್ನು ಹಾಗೇ ಹೊರಗೆ ಕಳಿಸಲು ಮನಸ್ಸಾಗುತ್ತಿಲ್ಲ. ಹೊಲಿದಾದ ಮೇಲೆ ಒಮ್ಮೆ ಎಳೆದು ನೋಡಿದೆ, ಇಲ್ಲಿ ಬಟ್ಟೆ ತುಸು ಹಿಗ್ಗಿದೆ ನೋಡಿ. ತನ್ನ ಕೆಲಸದ ಮೇಲೆ ನಂಬಿಕೆಯಿಲ್ಲದವರು ಹೀಗೆ ಎಳೆಯುತ್ತಾರೆ. ಯಾರೂ ತನ್ನನ್ನು ಗಮನಿಸುವುದಿಲ್ಲವೆಂದು ತಿಳಿದುಕೊಂಡ ಜೀವ ಇದು. ಅವನು ಗೋಡೆಗೊರಗಿದ. ಹೆಂಡತಿ, ಅಮ್ಮ, ಹನ್ನೊಂದು ವರ್ಷದ ನಿರ್ದೇಶಕಿ, ಯಾರೂ ಅವನನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಒಬ್ಬ ಅಪರಿಚಿತ ಭೂತಗನ್ನಡಿ ಹಿಡಿದು ಅವನನ್ನು ಅಕ್ಷರ ಬಿಡದೆ ಓದಿದ್ದ, ಓದಿ ಇನ್ನೊಬ್ಬಳ ಹೆಸರು ಬರೆದಿದ್ದ. ಮುಂದಿನ ಸಾಲುಗಳಲ್ಲಿ ಯಾರೋ ಮೂಗು ಒರೆಸಿಕೊಂಡರು. ಅವನಿಗೂ ಒರೆಸಿಕೊಳ್ಳುವ ಹಾಗಾಯಿತು. ಸತ್ತವಳ ಮೇಲಿನ ಹೊಟ್ಟೆಕಿಚ್ಚಿಗೆ ಕಣ್ಣಲ್ಲಿ ನೀರು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಕೊನೆಗೆ ವಿದ್ಯಾರ್ಥಿನಿಯೊಬ್ಬಳು ಇದು ಖಚಿತವೇ ಎಂದು ಕೇಳಿದಳು. ಎಷ್ಟು ಖಚಿತವೆಂದರೆ, ಎಂದು ಸಂಶೋಧಕರು ನಗುತ್ತ, ಈ ಗುಂಡಿ ತಾವೇ ಹೊಲಿದದ್ದೆಂದು ಇವತ್ತು ಒಬ್ಬರು ನನ್ನ ಹತ್ತಿರ ಒಪ್ಪಿಕೊಂಡರು, ಅವರನ್ನೂ ಪರೀಕ್ಷಿಸಿ ನೋಡಿದೆ, ಪಾಪ, ಅನುತ್ತೀರ್ಣರಾದರು ಎಂದರು. ಸಭೆ ಗೊಳ್ಳೆಂದಿತು. ಅವನೂ ನಕ್ಕ, ನಗದಿದ್ದರೆ ಯಾರೆಂದು ಗೊತ್ತಾಗುತ್ತಿತ್ತು. ನಿರ್ದೇಶಕಿ ಮಾತ್ರ ಹಿಂತಿರುಗಿ ನೋಡಿ, ಹಿಂದಿನ ಸಾಲಿಗೆ ಬಂದು, ಅವನ ಕಿವಿಯ ಹತ್ತಿರ, ಸಂಶೋಧಕರು ನನಗೂ ಹೇಳಿದರು, ಸಂಗ್ರಹಕ್ಕೆ ತಮ್ಮನ್ನೇ ಇಷ್ಟು ಒಪ್ಪಿಸಿಕೊಂಡವರು ನನಗೆ ಬೇರೆ ಸಿಗುವುದಿಲ್ಲ, ಉಪನ್ಯಾಸಕ್ಕೆ ಮುಂಚೆಯೇ ಸಹಿ ಹಾಕಿಬಂದೆ ಎಂದರು. ಹೀಗೆ ಅವನು ಕಾಯಂ ಆದ. ಅಷ್ಟರಲ್ಲಿ ಮೊಮ್ಮಗಳನ್ನು ಎರಡು ಮಾತಾಡಿ ಎಂದು ಮೈಕಿನ ಹತ್ತಿರ ಕರೆದರು. ಅವರು ಹಿಂದಿನ ಎರಡು ಸಾಲಿನ ಮೂಗುಗಳನ್ನು ಒಂದೊಂದಾಗಿ ನೋಡಿ, ಎರಡೇ ಮಾತು ಹೇಳಿದರು. ಹೌದು, ನಮ್ಮಜ್ಜಿ ಹಾಗೇ ಇದ್ದಳು. ಇನ್ನು ಮುಂದೆ ಮನೆಯಲ್ಲಿ ಯಾರಿಗಾದರೂ ಅಜ್ಜಿಯ ಬುದ್ಧಿ ಬಂತು ಅನ್ನುವುದಿದ್ದರೆ ಇದನ್ನೂ ನೆನಪಿಟ್ಟುಕೊಂಡು ಅನ್ನಿ.

ಜನ ಕರಗಿದ ಮೇಲೆ ಅವರನ್ನು ಕೆಳಗೆ ಬಿಟ್ಟುಬರಲು ಅವನನ್ನೇ ಕಳಿಸಿದರು. ಲಿಫ್ಟಿನ ಗುಂಡಿ ಒತ್ತಿ ಇಬ್ಬರೂ ಕಾದರು. ಓಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಬಾಗಿಲ ಮೇಲೆ ಇಳಿಯುತ್ತಿದ್ದ ಅಂಕಿಗಳನ್ನು ನೋಡುತ್ತಲೇ ಮಾತಾಡಿದರು.

"ಕೋಟು ನಾನು ತಂದುಕೊಟ್ಟಾಗ ಗುಂಡಿ ನಾಲ್ಕೇ ಇತ್ತಪ್ಪ. ಹಿಂದಿನ ದಿನ ನಾನೇ ಬ್ರಷ್ ಹಾಕಿ ಒರೆಸಿದ್ದೆ. ಅಜ್ಜಿ ಹೋದ ಮೇಲೆ ಅಜ್ಜ ಬಿದ್ದ ಗುಂಡೀನ ಹೊಲಿಸಲೇ ಇಲ್ಲ. ಎದೆ ಬಿಟ್ಟುಕೊಂಡು ಹಾಗೇ ಓಡಾಡಿದನಂತೆ, ಬಿಟ್ಟುಹೋದವಳ ಗುಣ ಊರಿಗೆಲ್ಲ ಕಾಣ್ಲಿ ಅಂತ."

ಅವನು ಆಗಲೇ ಒತ್ತಿದ್ದ ಲಿಫ್ಟಿನ ಗುಂಡಿಯನ್ನು ಮತ್ತೊಮ್ಮೆ ಒತ್ತಿದ.

"ಯಾರು ಹೊಲಿದಿದ್ದು?"

ಇಡೀ ದಿನ ಅವನು ಬೇಡಿದ್ದು ಇದನ್ನೇ: ಕೇಳಿ ನಂಬುವ ಒಂದು ಜೊತೆ ಕಿವಿ. ಐದು ಪದಗಳು ಸಾಲಾಗಿ, ತಲೆ ಬಾಚಿಕೊಂಡು ಸಿದ್ಧವಾಗಿ ನಿಂತಿದ್ದವು. ಅವನ ಕೈ, ಅವನ ಭಯ, ಬಟ್ಟೆ ಹಿಗ್ಗುವಂತೆ ಎಳೆದದ್ದು, ಎಲ್ಲವನ್ನೂ ಒಂದೇ ಮಾತಿನಲ್ಲಿ ಮನೆಗೆ ಕರೆದುಕೊಂಡು ಬರಬಹುದಿತ್ತು. ಅವರ ಮುಖ ನೋಡಿದ. ಅವರು ಅಂಕಿ ನೋಡುವುದನ್ನು ಬಿಟ್ಟು ಈಗ ಅವನನ್ನೇ ನೋಡುತ್ತಿದ್ದರು. ಹೇಳು ಎಂದು ಕೇಳುತ್ತಿದ್ದರೋ, ಹೇಳಬೇಡ ಎಂದು ಕೇಳುತ್ತಿದ್ದರೋ, ಅದು ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

"ನಿಮ್ಮಜ್ಜೀನೇ ಅಲ್ವಾಮ್ಮ," ಎಂದ. "ಸಾರ್ ಅಷ್ಟು ವಿವರವಾಗಿ ಹೇಳಿದ್ರಲ್ಲ."

ಲಿಫ್ಟು ಬಂದು ಬಾಗಿಲು ತೆರೆಯಿತು.

"ಹಾಗಾದ್ರೆ ಎಣಿಸೋದ್ರಲ್ಲಿ ನಾನೇ ತಪ್ಪಿರಬೇಕು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು ನಾನು. ಬೇಕಿದ್ರೆ ಅದನ್ನೂ ನಿಮ್ಮ ಕಾರ್ಡಿನಲ್ಲಿ ಬರ್ಕೊಳ್ಳಿ."

ಅವರು ಒಳಗೆ ಹೋಗಿ ಇವನ ಕಡೆ ತಿರುಗಿ ನಿಂತರು. ಕೆಳಗಿನವರೆಗೂ ಬಿಟ್ಟುಬರಬೇಕೆಂಬುದು ಮರೆತು ಅವನು ಹೊರಗೇ ನಿಂತ. ಬಾಗಿಲು ಮುಚ್ಚಿಕೊಳ್ಳುವವರೆಗೂ, ನಗು ತಡೆದುಕೊಳ್ಳಲು ಇಬ್ಬರೂ ಬಹಳ ಕಷ್ಟಪಟ್ಟರು.